ಹೊಸ ಡೀಸೆಲಿನ ಬಣ್ಣ ಯಾವುದು?

"ಹಳದಿ! ಅದೇ ಹಳದಿ! ಮಾಮಾ ಸುಳ್ಳ ಹೇಳ್ಯಾರ!"

ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಸಮೀಕ್ಷಾ ಕೂಗಿದಳು. ಪಂಪಿನ ನಾಜಲ್ ತುದಿಯಿಂದ ಒಂದು ಹನಿ ಡೀಸೆಲ್ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನೀಲಿಯಲ್ಲ, ಹಸಿರಲ್ಲ. ಹಳದಿ!

ವ್ಯಾನಿನಲ್ಲಿದ್ದ ಉಳಿದ ಮಕ್ಕಳಿಗೆ ಇಷ್ಟೇ ಬೇಕಾಗಿತ್ತು. "ಮಾಮಾ ಝೂಟ್ ಬೋಲೇ! ಮಾಮಾ ಝೂಟ್ ಬೋಲೇ!" ಎಂದು ಸೀಟು ಬಡಿದು ಕುಣಿದರು.

ಡ್ರೈವರ್ ಸಂಗಮನಾಥ ಮಾಮಾ ಟ್ಯಾಂಕಿನ ಮುಚ್ಚಳ ತಿರುಗಿಸುತ್ತ ಇತ್ತ ನೋಡಿದರು. "ಏನ್ ಸುಳ್ಳ ಹೇಳೀನವ್ವಾ?"

"ಹೊಸಾ ಡೀಸೆಲ್ ಹಾಕಸ್ತೀನಿ ಅಂದಿದ್ರಿ. ಇದು ಹಳೇದು."

"ಹೊಸಾದೇ ಅದ."

"ಮತ್ತ ಬಣ್ಣ?"

ಮಾಮಾ ಗಡಿಯಾರ ನೋಡಿ ಸೀಟಿಗೇರಿದರು. ಶಾಲೆಗೆ ತಡವಾಗುತ್ತಿತ್ತು. ವ್ಯಾನ್ ಹೊರಟಿತು, ಹಿಂದಿನಿಂದ ಬುಸ್ಸೆಂದು ಕರಿ ಹೊಗೆ ಎದ್ದಿತು. ಸಮೀಕ್ಷಾಳ ಪಕ್ಕದಲ್ಲಿದ್ದ ರುಚಿತಾ ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮತೊಡಗಿದಳು.

ಎಲ್ಲ ಶುರುವಾದದ್ದು ಈ ಕೆಮ್ಮಿನಿಂದಲೇ. ಬ್ಯಾಂಕಿನ ಕ್ವಾರ್ಟರ್ಸ್‌ನಲ್ಲಿ ರುಚಿತಾಳದು ಮೇಲಿನ ಮನೆ, ಸಮೀಕ್ಷಾಳದು ಕೆಳಗಿನ ಮನೆ. ಇಬ್ಬರೂ ಐದನೇ ಕ್ಲಾಸು, ಜೀವದ ಗೆಳತಿಯರು. ರುಚಿತಾಗೆ ಎರಡು ತಿಂಗಳಿಂದ ಕೆಮ್ಮು. "ಎಲ್ಲಾ ನಿಮ್ಮ ವ್ಯಾನಿನ ಹೊಗಿಯಿಂದ" ಎಂದು ಅವಳ ತಾಯಿ ಮೃದುಲಾ ಆಂಟಿ ಒಂದು ದಿನ ಗೇಟಿನಲ್ಲೇ ಮಾಮಾಗೆ ಹೇಳಿದ್ದರು.

"ಏಪ್ರಿಲ್ ಒಂದರಿಂದ ನಮ್ಮ ಔರಂಗಾಬಾದಿಗೂ ಹೊಸಾ ಡೀಸೆಲ್ ಬರ್ತದ್ರಿ ಅಕ್ಕೋರೆ" ಎಂದು ಮಾಮಾ ಮಾತು ಕೊಟ್ಟಿದ್ದರು. "ಬಿಎಸ್-ಫೋರ್ ಅಂತ. ಹೊಗಿ ಕೆಡಸೋ ಸಲ್ಫರ್ ಅದರಾಗ ಭಾಳ ಕಮ್ಮಿ. ಅದನ್ನೇ ಹಾಕಸ್ತೀನ್ರಿ, ಖರೇನೆ."

ಸಲ್ಫರ್ ಕಡಿಮೆ ಇದೆ ಎಂದು ಗೊತ್ತಾಗುವುದು ಹೇಗೆ? ಸಮೀಕ್ಷಾ ಅಜ್ಜಿಯನ್ನು ಕೇಳಿದ್ದಳು. ಸಕ್ರವ್ವಜ್ಜಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲವೇ ಇಲ್ಲ, ಅವರೇ ಹೇಳಿಕೊಳ್ಳುವ ಹಾಗೆ.

"ಬಣ್ಣ ನೋಡ್ಬೇಕು" ಎಂದಿದ್ದರು ಅಜ್ಜಿ. "ರೇಷನ್ ಅಂಗಡಿ ಚಿಮಣಿ ಎಣ್ಣಿ ನೀಲಿ, ಬಾಜಾರದ್ದು ಬಿಳಿ. ಯಾಕ? ರೇಷನ್ ಎಣ್ಣಿ ಕದ್ದು ಮಾರೋ ಕಳ್ಳರು ಸಿಗಲಿ ಅಂತ. ಸರ್ಕಾರದವರು ಹೊಸಾ ಡೀಸೆಲಿಗೂ ಬಣ್ಣ ಹಾಕಲಾರ್ದೇ ಬಿಡ್ತಾರೇನು?"

ಕಲಬುರಗಿಯಲ್ಲಿ ನಲವತ್ತು ವರ್ಷ ಆ ನೀಲಿ ಸೀಮೆಎಣ್ಣೆಯಿಂದ ಸ್ಟೋ ಹಚ್ಚಿದವರ ಮಾತು. ಎದುರಾಡುವವರು ಯಾರು?

ಸಮೀಕ್ಷಾ ಪಂಪಿನಲ್ಲಿ ಕೂಗಿದ ದಿನ ಸಂಜೆಯೊಳಗೆ ಸುದ್ದಿ ಎಲ್ಲರ ಮನೆ ಮುಟ್ಟಿತು. ಮರುದಿನ ರುಚಿತಾ ವ್ಯಾನಿಗೆ ಬರಲಿಲ್ಲ. ಇನ್ನೂ ಇಬ್ಬರು ಬರಲಿಲ್ಲ. ಶನಿವಾರ ಬೆಳಿಗ್ಗೆ ಮಾಮಾ ಸಮೀಕ್ಷಾಳ ಮನೆ ಬಾಗಿಲಿಗೆ ಬಂದರು. ಒಳಗೆ ಬರ್ರಿ ಎಂದರೂ ಬರಲಿಲ್ಲ.

"ಸೋಮವಾರ ಒಂದ್ ದಿನ ಬರ್ತೀನ್ರಿ ಸರ್" ಎಂದರು ಅವಳ ಅಪ್ಪ ಮಧುಕರ ಅವರಿಗೆ. "ಆಮ್ಯಾಲೆ ಬ್ಯಾರೆ ವ್ಯಾನ್ ನೋಡ್ಕೋರಿ. ಏಳು ವರ್ಷದಾಗ ನನಗ ಯಾರೂ ಸುಳ್ಳ ಅಂದಿದ್ದಿಲ್ಲ. ಈಗ ಕೂಸುಗೋಳೇ ಅನ್ಲಾಕತ್ತಾವ."

ಅವರ ಕಣ್ಣು ಕೆಂಪಾಗಿತ್ತು. ಸಮೀಕ್ಷಾ ಪರದೆಯ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಮಾಮಾ ಹೋಗುವುದು ಅವಳಿಗೆ ಬೇಕಿರಲಿಲ್ಲ. ನಾಸಿಕದಿಂದ ಹೊಸದಾಗಿ ಬಂದಾಗ, ಶಾಲೆಯಲ್ಲಿ ಯಾರೂ ಮಾತಾಡಿಸದಿದ್ದಾಗ, ಕನ್ನಡದಲ್ಲಿ "ಊಟ ಆತೇನವ್ವಾ?" ಎಂದು ಕೇಳಿದವರು ಅವರೊಬ್ಬರೇ. ಆದರೆ ಅವಳು ಕಂಡದ್ದನ್ನೇ ಹೇಳಿದ್ದಳಲ್ಲ? ಕಂಡದ್ದು ಹೇಳಿದರೆ ತಪ್ಪೇ?

ಮಾಮಾ ಹೋದ ಮೇಲೆ ಅಪ್ಪ ಕರೆದರು. "ನೀ ಏನ್ ನೋಡ್ದಿ?"

"ಹಳದಿ ಬಣ್ಣ."

"ಹೊಸಾ ಡೀಸೆಲಿನ ಬಣ್ಣ ಯಾವುದು?"

ಸಮೀಕ್ಷಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಫ್ಯಾನಿನ ಕಡೆ ನೋಡಿದರು.

"ನನಗೂ ಗೊತ್ತಿಲ್ಲ" ಎಂದರು ಅಪ್ಪ. "ನಡೀ, ಪಂಪಿಗೇ ಹೋಗಿ ಕೇಳೋಣು."

"ನಾನೂ ಬರ್ತೀನಿ" ಎಂದು ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿದ್ದರು.

ಪಂಪಿನಲ್ಲಿ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಡೀಸೆಲ್ ಹಾಕುತ್ತಿದ್ದರು. ಅಪ್ಪ ಮರಾಠಿಯಲ್ಲಿ ವಿಷಯ ತೆಗೆದರು. ನಡುವೆ ಅಜ್ಜಿ "ಈಕಿಗೇನ್ ಗೊತ್ತಿರ್ತದ" ಎಂದು ಗೊಣಗಿದ್ದೇ ತಡ, ಆಕೆ ನಕ್ಕುಬಿಟ್ಟರು.

"ಗೊತ್ತದ್ರಿ ಅಮ್ಮಾ! ನಾ ಬೀದರ ಕಡೀಕಿ. ಪ್ರೇಮಾಬಾಯಿ ಅಂತ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪ್ರೇಮಾಬಾಯಿ ಗಾಜಿನ ಜಾರಿನಲ್ಲಿ ಡೀಸೆಲ್ ಹಿಡಿದು ಬಿಸಿಲಿಗೆ ತೋರಿಸಿದರು. ತಿಳಿ ಹಳದಿ. "ಹಳೇದೂ ಹಿಂಗೇ ಇತ್ತು, ಹೊಸಾದೂ ಹಿಂಗೇ ಅದ. ಬಣ್ಣದಾಗ ಏನೂ ತಿಳಿಯಂಗಿಲ್ಲ."

"ವಾಸನಿ?" ಅಜ್ಜಿ ಬಗ್ಗಿ ಮೂಸಿದರು, ಮೂಗು ಸಿಂಡರಿಸಿದರು.

"ವಾಸನ್ಯಾಗೂ ಇಲ್ರಿ."

ಆಮೇಲೆ ಅವರು ಜಾರಿನೊಳಗೆ ಉದ್ದನೆಯ ಗಾಜಿನ ಕೊಳವೆಯೊಂದನ್ನು ತೇಲಿಬಿಟ್ಟರು. ಅದರ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವು. ಸಮೀಕ್ಷಾ ಹಿಗ್ಗಿದಳು. "ಇದರಾಗ ಸಲ್ಫರ್ ಕಾಣ್ತದಾ?"

"ಇಲ್ಲವ್ವಾ. ಇದು ಡೆನ್ಸಿಟಿ ನೋಡೂದು. ಕಲಬೆರಕಿ ಮಾಡ್ಯಾರೇನು ಅಂತ ನೋಡ್ಲಾಕ."

"ಹಂಗಾರ ನಿಮಗ ಹ್ಯಾಂಗ ಗೊತ್ತು?"

"ಓದಿ!" ಪ್ರೇಮಾಬಾಯಿ ಮಷಿನ್ ಮೇಲಿನ ಸ್ಟಿಕರ್ ತೋರಿಸಿದರು. ಬಿಎಸ್-ಫೋರ್ ಎಂದು ದಪ್ಪ ಅಕ್ಷರದಲ್ಲಿತ್ತು. ಸಮೀಕ್ಷಾ ಅಂದು ಹನಿ ನೋಡಿದ ಮಷಿನ್ ಅದೇ. ಸ್ಟಿಕರ್ ಕಡೆ ಅವಳು ಕಣ್ಣೆತ್ತಿಯೂ ನೋಡಿರಲಿಲ್ಲ. ಪ್ರೇಮಾಬಾಯಿ ಆಫೀಸಿನಿಂದ ಟ್ಯಾಂಕರಿನ ಜೊತೆ ಬಂದ ಕಾಗದವನ್ನೂ ತಂದು ತೋರಿಸಿದರು. "ನೋಡು, ಸಲ್ಫರ್ ಹತ್ತು ಲಕ್ಷ ಪಾಲಿನ್ಯಾಗ ಐವತ್ತರೊಳಗ. ಮೊದಲ ಮುನ್ನೂರೈವತ್ತರ ತನಕ ನಡೀತಿತ್ತು."

"ಕಾಗದದಾಗ ಸುಳ್ಳ ಬರ್ದಿದ್ರ?"

"ಲ್ಯಾಬಿನವರೇ ಹೇಳ್ಬೇಕು. ಹನ್ನೆರಡ ವರ್ಷ ಆತು ಈ ನಾಜಲ್ ಹಿಡದು. ಬರೇ ನೋಡಿ ಹೇಳು ಅಂದ್ರ ಇವತ್ತಿಗೂ ನನಗ ಆಗಂಗಿಲ್ಲ."

ಸಮೀಕ್ಷಾಳ ತಲೆ ಗಿರ್ರೆಂದಿತು. "ಮತ್ತ ಹೊಗಿ ಕರ್ರಗ ಯಾಕ ಬರ್ತದ?"

"ಡೀಸೆಲ್ ಹೊಸಾದಾದ್ರೂ ಇಂಜಿನ್ ಹಳೇದಿರಬೇಕವ್ವಾ."

"ಹಂಗಾರ ರುಚಿತಾಗ ಕೆಮ್ಮು ಯಾತರಿಂದ?"

"ಅದು ನನಗ್ಹ್ಯಾಂಗ ಗೊತ್ತಾಗಬೇಕು? ಡಾಕ್ಟರಿಗೆ ಕೇಳ್ಬೇಕು." ಪ್ರೇಮಾಬಾಯಿ ತಟ್ಟನೆ ನಿಂತರು. "ತಡಿ, ಕೆಮ್ಮೋ ಹುಡುಗಿ ಅಂದ್ಯಾ? ನೀವು ಸಂಗಮನಾಥಣ್ಣನ ವ್ಯಾನಿನವ್ರೇನು?"

ಸಮೀಕ್ಷಾ ತಲೆಯಾಡಿಸಿದಳು.

"ಹೊಸಾ ಮಾಲು ಬಂದ ದಿನಾನೇ ಬಂದಿದ್ದ. ಅವಗ ಇಂಗ್ಲಿಷ್ ಬರಂಗಿಲ್ಲ. ಇದೇ ಕಾಗದ ನನ್ನ ಕಡಿಂದ ಎರಡ ಸಲ ಓದಿಸ್ಯಾನ. 'ಸರೀ ನೋಡವ್ವಾ, ನನ್ನ ಗಾಡ್ಯಾಗ ಒಂದು ಕೂಸು ಕೆಮ್ತದ' ಅಂತ."

ಸಮೀಕ್ಷಾಗೆ ಅಳು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

"ನನ್ನ ಬಾಯಾಗ ಮಣ್ಣ ಬೀಳ್ಲಿ" ಎಂದರು ಅಜ್ಜಿ, ಸಣ್ಣ ದನಿಯಲ್ಲಿ.

ಅಂದು ಸಂಜೆ ಸಮೀಕ್ಷಾ ವ್ಯಾನ್ ಬಿಟ್ಟ ಮೂರೂ ಮನೆಗಳಿಗೆ ಹೋದಳು. ಅಪ್ಪ ಬರ್ತೀನೆಂದರೂ ಬೇಡವೆಂದಳು. ಎಲ್ಲಕ್ಕಿಂತ ಕಷ್ಟವಾದದ್ದು ಮೇಲಿನ ಮನೆ. ಬೆಲ್ ಒತ್ತಿ, ಓಡಿಹೋಗಲೇ ಎಂದುಕೊಳ್ಳುವಷ್ಟರಲ್ಲಿ ಮೃದುಲಾ ಆಂಟಿ ಬಾಗಿಲು ತೆರೆದರು.

"ಆಂಟಿ, ಮಾಮಾ ಸುಳ್ಳ ಹೇಳಿಲ್ರಿ. ಡೀಸೆಲ್ ಹೊಸಾದೇ ಅದ. ನಾ ಸುಮ್ನೆ ಬಣ್ಣ ನೋಡಿ ಹೇಳ್ದೆ."

"ಹಂಗಾರ ನಮ್ಮ ರುಚಿತಾನ ಕೆಮ್ಮು ಹೊಗಿಯಿಂದ ಅಲ್ಲಂತಿ?"

ಅಲ್ಲ ಎಂದುಬಿಡಬಹುದಿತ್ತು. ಹಾಗೆಂದರೆ ರುಚಿತಾ ಸೋಮವಾರವೇ ವ್ಯಾನಿಗೆ ಬರುತ್ತಿದ್ದಳೇನೋ.

"ಅದು ನನಗ ಗೊತ್ತಿಲ್ರಿ, ಆಂಟಿ."

ಆಂಟಿ ಒಳಗಿನಿಂದ ಬರುತ್ತಿದ್ದ ಕೆಮ್ಮಿನ ಕಡೆ ತಿರುಗಿದರು. "ಸೋಮವಾರ ದವಾಖಾನಿಗೆ ಕರ್ಕೊಂಡ ಹೋಗ್ತೀನಿ" ಎಂದರು.

ಸೋಮವಾರ ವ್ಯಾನ್ ಬಂದಾಗ ಸಮೀಕ್ಷಾ ಹತ್ತಲಿಲ್ಲ. ನೇರವಾಗಿ ಡ್ರೈವರ್ ಕಿಟಕಿಯ ಹತ್ತಿರ ಹೋಗಿ ನಿಂತಳು.

"ಮಾಮಾ, ಎಲ್ಲಾರ ಮನಿಗೂ ಹೋಗಿ ಹೇಳಿ ಬಂದೀನಿ."

"ಏನಂತ?"

"ನನಗ ಏನೂ ಗೊತ್ತಿರಲಿಲ್ಲ ಅಂತ. ತಪ್ಪಾತ್ರಿ ಮಾಮಾ."

ಮಾಮಾ ಬಟ್ಟೆ ತೆಗೆದುಕೊಂಡು, ಸ್ವಚ್ಛವಾಗಿಯೇ ಇದ್ದ ಗಾಜನ್ನು ಮತ್ತೆ ಒರೆಸಿದರು. "ಹತ್ತು, ಹೊತ್ತಾಗ್ತದ."

ವ್ಯಾನ್ ಬಿಟ್ಟಿದ್ದ ಇಬ್ಬರೂ ಮುಂದಿನ ಸ್ಟಾಪಿನಲ್ಲಿ ಹತ್ತಿದರು. ರುಚಿತಾಳ ಜಾಗ ಖಾಲಿಯೇ ಇತ್ತು. ಸಿಗ್ನಲ್ ಬಳಿ ಮತ್ತೆ ಹೊಗೆ ಎದ್ದಿತು. ಒಂದನೇ ಕ್ಲಾಸಿನ ಉತ್ಕರ್ಷ ಸಮೀಕ್ಷಾಳ ತೋಳು ಜಗ್ಗಿದ. "ಅಕ್ಕಾ, ಇವತ್ತಿಂದು ಹೊಸಾ ಡೀಸೆಲ್ಲಾ, ಹಳೇದಾ?"

ಎಲ್ಲರೂ ಅವಳತ್ತ ತಿರುಗಿದರು.

"ಮಾಮಾನ್ನ ಕೇಳು" ಎಂದಳು ಸಮೀಕ್ಷಾ. "ಅವರು ಓದ್ಸಿ ತಿಳ್ಕೊಂಡಾರ."

ಶಾಲೆಯ ಗೇಟಿನಲ್ಲಿ ಮಾಮಾ ಒಬ್ಬೊಬ್ಬರ ಬ್ಯಾಗು ಇಳಿಸಿಕೊಟ್ಟರು. ಕೊನೆಗೆ ಸಮೀಕ್ಷಾಳ ಬ್ಯಾಗು ಕೊಡುತ್ತ, ಬೇರೆಲ್ಲೋ ನೋಡುತ್ತ ಹೇಳಿದರು: "ನಾಳಿಗೆ ಐದು ಮಿನಿಟ್ ಮೊದಲ ಬಂದು ನಿಂದ್ರು. ದಿನಾ ತಡಾ ಮಾಡ್ತಿ ನೀ."

ನಾಳೆಗೆ! ಅದನ್ನು ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು ಅವಳಿಗೆ. ಕೂಗಲಿಲ್ಲ. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, "ಹೂಂ ರಿ, ಮಾಮಾ" ಎಂದಳು.