ಬಾಚಲೆ ಹಕ್ಕಿ ಎಲುಬು ಜೋಡಿಸಿದ್ದು

ಎಷ್ಟೋ ತಲೆಮಾರುಗಳ ಹಿಂದೆ, ಗರಿಪುರವೆಂಬ ರಾಜ್ಯದಲ್ಲಿ, ಅರಮನೆಯ ಪಕ್ಕ ಒಂದು ಎಲುಬಿನ ಮನೆ ಇತ್ತು. ಹೆದರಬೇಡಿ, ಬರೀ ಹಕ್ಕಿ ಎಲುಬು! ರಾಜ್ಯದಲ್ಲಿ ಯಾವ ಹಕ್ಕಿ ಸತ್ತರೂ ಅದರ ಎಲುಬು ತೊಳೆದು, ಒಣಗಿಸಿ, ಒಂದು ಹಕ್ಕಿಗೊಂದು ಬುಟ್ಟಿಯಂತೆ ತುಂಬಿ, ಹೆಸರಿನ ಚೀಟಿ ಕಟ್ಟಿಡುತ್ತಿದ್ದರು. ಆ ಕೆಲಸ ಅಕ್ಕ ಬಾಚಲೆ, ತಮ್ಮ ಕೇತ ಇಬ್ಬರದು.

ಒಂದು ದಿನ ಧೂಮಕಂಠನೆಂಬ ಮಾಂತ್ರಿಕ ಬಂದು, ಮಾಟಕ್ಕೆ ಗರುಡನ ಎಲುಬು ಕೇಳಿದ. ಕೇತ, "ಕೊಡೋದಿಲ್ಲ, ಹೋಗಯ್ಯ" ಅಂದುಬಿಟ್ಟ. ಅಷ್ಟಕ್ಕೇ ಆ ಪಾಪಿಗೆ ಮೈಯೆಲ್ಲ ಉರಿಯಿತು. ಕೇತನನ್ನು ಹಕ್ಕಿ ಎಲುಬಾಗಿಸಿ, ಬುಟ್ಟಿಗಳನ್ನೆಲ್ಲ ಮಗುಚಿ ಒಂದೇ ರಾಶಿ ಮಾಡಿದ.

"ಸರಿಯಾಗಿ ಜೋಡಿಸಿದ ಹಕ್ಕಿಗೆ ಜೀವ ಬರುತ್ತೆ. ಹೊತ್ತು ಮುಳುಗೋದರೊಳಗೆ ನಿನ್ನ ತಮ್ಮ ಏಳದಿದ್ದರೆ ಅವನು ಎಂದೆಂದಿಗೂ ಎಲುಬೇ," ಎಂದು ನಕ್ಕು ಬಾಗಿಲಲ್ಲೇ ಕೂತ.

ಬಾಚಲೆ ರಾಶಿಯನ್ನು ಮೂರು ಗುಡ್ಡೆ ಮಾಡಿ, ಮೊದಲು ನೀರುಹಕ್ಕಿಗಳ ಗುಡ್ಡೆಗೆ ಕೈಹಾಕಿದಳು. ಗಾಬರಿಯಲ್ಲಿ ಕೊಕ್ಕರೆಗೆ ಬಾತುಕೋಳಿಯ ಕಾಲಿಟ್ಟಳು. ಕೊಕ್ಕರೆ ಎದ್ದು, ಮುಗ್ಗರಿಸಿ, "ಏನವ್ವಾ ಇದು, ಯಾರ ಕಾಲು ನನಗೆ?" ಎಂದು ರೇಗಿತು. ಬಿಚ್ಚಿ ಸರಿಮಾಡಿದಳು.

ಆಮೇಲೆ ಮಿಕ್ಕ ಹಕ್ಕಿಗಳು. ಕಣ್ಣಿನ ಸುತ್ತ ದಪ್ಪನೆಯ ಎಲುಬಿನ ಬಳೆ ಇದ್ದದ್ದು ಗೂಬೆ, ಅಲ್ಲಿ ತಪ್ಪಲಿಲ್ಲ. ಗೂಬೆಗಳು ಹಗಲಲ್ಲೇ ಎದ್ದು ಪಿಳಿಪಿಳಿ ಕಣ್ಣು ಬಿಟ್ಟವು. ಗಿಳಿ, ಗರುಡ, ಕಾಗೆ, ನವಿಲು ಎಲ್ಲ ಎದ್ದವು.

ಮೂರನೆಯದು, ಯಾವ ಹಕ್ಕಿಯದೆಂದು ಗುರುತು ಸಿಗದ ಎಲುಬುಗಳ ಕೊನೆಯ ಗುಡ್ಡೆ. ಅದರ ಎಡರೆಕ್ಕೆಯ ಎಲುಬಿನಲ್ಲೊಂದು ಗಂಟು. ಚಿಕ್ಕಂದಿನಲ್ಲಿ ಕೇತ ನೇರಳೆ ಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. "ಅಯ್ಯೋ, ನನ್ನ ತಮ್ಮ!" ಎಂದು ಬಾಚಲೆ ಅತ್ತೇಬಿಟ್ಟಳು. ಅಳುತ್ತಲೇ ಜೋಡಿಸಿದಳು. ಆದರೆ ಕೇತ ಏಳಲಿಲ್ಲ. ಸೂರ್ಯ ಗುಡ್ಡ ಮುಟ್ಟಿದ್ದ.

ಚೀಟಿ ಕಟ್ಟುವ ಮುಂಚೆ ಕೊಕ್ಕಿನಿಂದ ಬಾಲದವರೆಗೆ ಬೆರಳಾಡಿಸಿ ನೋಡುವುದು ಆ ಮನೆಯ ರೂಢಿ. ಬಾಚಲೆ ಬೆರಳಾಡಿಸಿದಳು. ಎದೆಯ ಹತ್ತಿರ ಬೆರಳು ಇಳಿದುಹೋಯಿತು. ಅಲ್ಲಿರಬೇಕಾದ ಕವಲೆಲುಬೇ ಇಲ್ಲ! ತಲೆಯೆತ್ತಿದರೆ, ಅದು ಧೂಮಕಂಠನ ಕೊರಳ ದಾರದಲ್ಲಿ ತೂಗುತ್ತಿತ್ತು.

"ಥೂ ಕಳ್ಳಾ! ಜೋಡಿಸು ಅಂತ ಹೇಳಿ ಎಲುಬು ಬಚ್ಚಿಟ್ಟೆಯಾ? ಕೊಡೋ ಅದನ್ನ!"

ಅವನು ಓಡಲು ಎದ್ದ. ಹಕ್ಕಿಗಳು ಬಿಟ್ಟಾವೇ! ಎಲ್ಲವೂ ಒಟ್ಟಿಗೆ ಮುತ್ತಿಕೊಂಡವು. ಕೊಕ್ಕರೆ ದಾರ ಕಿತ್ತು ತಂದು ಬಾಚಲೆಯ ಕೈಗೆ ಹಾಕಿತು. ಅವಳು ಎಲುಬನ್ನು ತಮ್ಮನ ಎದೆಗೆ ಕೂರಿಸಿದಳು.

ಕೇತ ಮತ್ತೆ ಮನುಷ್ಯನಾಗಿ ಎದ್ದು ಕೂತ. "ಅಕ್ಕಾ, ಯಾಕೆ ಅಳ್ತಿದೀಯ? ನನಗೆ ಹೊಟ್ಟೆ ಹಸೀತಿದೆ."

ಬಾಚಲೆ ಅವನ ಬೆನ್ನಿಗೊಂದು ಗುದ್ದಿ, ತಬ್ಬಿಕೊಂಡಳು.

ತನ್ನ ಮಾಟದಲ್ಲಿ ತಾನೇ ಮೋಸ ಮಾಡಿದ ಧೂಮಕಂಠನಿಗೆ ಒಂದು ಮಂತ್ರವೂ ನೆನಪಿಗೆ ಬರದಾಯಿತು. ರಾಜ ಅವನನ್ನು ಎಲುಬು ತೊಳೆಯುವ ಕೆಲಸಕ್ಕೆ ಹಾಕಿದ. ಊರಿಗೆಲ್ಲ ಪಾಯಸದೂಟವಾಯಿತು, ಎಲ್ಲರೂ ನೆಮ್ಮದಿಯಿಂದ ಬಾಳಿದರು. ಬಾಚಲೆ ಮಾತ್ರ ಅವತ್ತು ಉಣ್ಣುವಾಗಲೂ ತಮ್ಮನ ಎಡಗೈ ಹಿಡಿದೇ ಇದ್ದಳು.