ತೊಂಬತ್ತೈದು ಸೆಂಟ್ ಸುಳ್ಳು

"ಹೊರಗೆ ಬನ್ನಿ, ಅಡ್ಮಿನ್ ಸಾಹೇಬ್ರೇ!"

ಬೆಳಿಗ್ಗೆ ಎಂಟು ಗಂಟೆಗೆ ಬಣಕಲ್‌ನ ಆ ಕಾಫಿ ಕಣದ ನಡುವೆ ನಿಂತು ಕೂಗ್ತಿದ್ದವಳ ಹೆಸರು ಸೌಜನ್ಯ. ಹೆಸರಿಟ್ಟವರನ್ನ ಬೈಬೇಡಿ... ತೊಟ್ಟಿಲಲ್ಲಿರೋವಾಗ ಯಾರಿಗೆ ತಾನೆ ಗೊತ್ತಾಗುತ್ತೆ!

ಗಿಡಗಳ ಸಂದಿಯಿಂದ ಒಬ್ಬ ಬಂದ. ಮೂವತ್ತರ ಆಸುಪಾಸು. ಮೊಣಕಾಲು ತನಕ ಗಮ್‌ಬೂಟು, ತಲೆ ತುಂಬಾ ಒಣಗಿದ ಎಲೆ.

"ನಾನೇ ರುದ್ರೇಶ್. ಕೂತ್ಕೊಳಿ, ಕಾಫಿ ಕುಡಿಯೋಣ."

"ಕಾಫಿ ಉಳಿದ್ರೆ ತಾನೆ ಕುಡಿಯೋದು!"

ಅವಳ ಪಿಎಚ್‌ಡಿ ಕೆಲಸಕ್ಕೆ ಅಂತ ಒಂದೂವರೆ ವರ್ಷದಿಂದ ಫೋನಲ್ಲಿ ಪರಿಚಯ. ಅಪ್ಪನ ಪಕ್ಕದ ತೋಟವನ್ನ ಅವನು ಕೊಂಡು ಎರಡು ವರ್ಷ ಆದ್ರೂ ಇವಳು ಊರಿಗೆ ಬರೋದೇ ಅಪರೂಪ, ಮುಖಕ್ಕೆ ಮುಖ ಇದೇ ಮೊದಲು. ಬೇರೆ ಹುಡುಗಿ ಆಗಿದ್ರೆ 'ಪರ್ವಾಗಿಲ್ಲ, ನೋಡೋಕೆ ಚೆನ್ನಾಗಿದಾನೆ' ಅಂದ್ಕೊಳ್ತಿದ್ಲು. ಸೌಜನ್ಯನೂ ಅಂದ್ಕೊಂಡ್ಲು. ಅದಕ್ಕೇ ಕೋಪ ಇನ್ನೂ ಜಾಸ್ತಿ ಆಯ್ತು!

ಕಥೆ ಶುರುವಾಗಿದ್ದು ನಾಲ್ಕು ದಿನದ ಹಿಂದಿನ ಮಳೆಯಿಂದ.

ಮಾರ್ಚ್ ತಿಂಗಳ ಹೂಮಳೆ ಅಂದ್ರೆ ಈ ಕಡೆ ಮದುವೆ ಮುಹೂರ್ತ ಇದ್ದ ಹಾಗೆ. ಕಾಫಿ ಮೊಗ್ಗು ಅರಳಬೇಕಾದ್ರೆ ಒಂದು ಇಂಚು, ಅಂದ್ರೆ ನೂರು ಸೆಂಟ್ ಮಳೆ ಬೇಕು. ಹತ್ತೋ ಇಪ್ಪತ್ತೋ ಸೆಂಟ್ ಬಿದ್ದು ನಿಂತ್ರೆ ಮೊಗ್ಗು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ನಾಲ್ಕೈದು ದಿನದೊಳಗೆ ಕೆರೆಯಿಂದ ಎಂಜಿನ್ ಹಾಕಿ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡ್ಬೇಕು. ಇಲ್ಲದಿದ್ರೆ ಹೂವಿನ ಜೊತೆ ವರ್ಷದ ಫಸಲೂ ಸುಟ್ಟು ಹೋಗುತ್ತೆ.

ಮಳೆ ಬಂದ ಮರುದಿನ ಎಲ್ರೂ ತಂತಮ್ಮ ತೋಟದ ಮಾಪಕ ನೋಡಿ ರುದ್ರೇಶನಿಗೆ ಸೆಂಟ್ ಕಳಿಸ್ತಾರೆ. ಒಂದೊಂದು ಬಂದ ಹಾಗೇ ಅವನು ಪಟ್ಟಿಗೆ ಸೇರಿಸಿ 'ಬಣಕಲ್ ಮಳೆ ಬಳಗ' ಅನ್ನೋ ವಾಟ್ಸಾಪ್ ಗ್ರೂಪಿಗೆ ಹಾಕ್ತಾನೆ. ಗ್ರೂಪಲ್ಲಿ ಎಪ್ಪತ್ತು ಬೆಳೆಗಾರರು, ಬಾಯಿ ಮಾತ್ರ ಒಂದೇ. ಅಡ್ಮಿನ್ ಬಿಟ್ಟು ಬೇರೆಯವರು ಏನೂ ಹಾಕೋ ಹಾಗಿಲ್ಲ. ಹಾಕೋಕೆ ಬಿಟ್ರೆ ಗುಡ್ ಮಾರ್ನಿಂಗ್ ಗುಲಾಬಿಗಳ ಅಡಿಯಲ್ಲಿ ಮಳೆಯೇ ಮುಚ್ಚಿ ಹೋಗುತ್ತಲ್ಲ!

ಆ ಗ್ರೂಪೇ ಸೌಜನ್ಯಳ ಪಿಎಚ್‌ಡಿ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಪಾಠ ಮಾಡೋ ಮೇಡಂ ಅವಳು. ಹಳೇ ಕಾಲದ ಸಂವಹನ ಸಿದ್ಧಾಂತಗಳು ಮೊಬೈಲ್ ಕಾಲದಲ್ಲೂ ಬದುಕಿವೆಯಾ ಅನ್ನೋದು ಸಂಶೋಧನೆ. 'ಮೌನದ ಸುರುಳಿ' ಅಂತ ಒಂದು ಸಿದ್ಧಾಂತ ಇದೆ. ಎಲ್ರೂ ಒಂದು ಹೇಳ್ತಿದ್ದಾರೆ ಅನ್ನಿಸಿದ್ರೆ, ಬೇರೆ ಹೇಳಬೇಕಾದವನು ಒಂಟಿಯಾಗೋ ಹೆದರಿಕೆಗೆ ಬಾಯಿ ಮುಚ್ಕೊಳ್ತಾನೆ. ಒಬ್ಬನ ನೋಡಿ ಇನ್ನೊಬ್ಬ... ಹೀಗೆ ಸುರುಳಿ. 'ಡಿಜಿಟಲ್ ಯುಗದಲ್ಲಿ ಇದು ಸತ್ತಿದೆ. ಈಗ ಯಾರೂ ಯಾರಿಗೂ ಹೆದರಲ್ಲ' ಅಂತ ನಾಲ್ಕನೇ ಅಧ್ಯಾಯದಲ್ಲಿ ಬರೆದು, ಎಲ್ರೂ ಅಂಜದೆ ತಂತಮ್ಮ ಸೆಂಟ್ ಹೇಳ್ತಾರಲ್ಲ ಅಂತ ಮಳೆ ಬಳಗವನ್ನೇ ಸಾಕ್ಷಿಗೆ ನಿಲ್ಲಿಸಿದ್ಲು ಮೇಡಂ.

ನಿನ್ನೆ ಸಂಜೆ ಊರಿಗೆ ಬಂದ್ರೆ, ಅಪ್ಪ ಮಲ್ಲಿಕಾರ್ಜುನಪ್ಪ ಮೊಗ್ಗು ಮುಟ್ಟಿ ಮುಟ್ಟಿ ನೋಡ್ತಾ ತೋಟದಲ್ಲಿ ನಿಂತಿದ್ರು. ಎಂಜಿನ್ ಸದ್ದೇ ಇಲ್ಲ.

"ನಾನು ಹೇಳಿ ಸಾಕಾಯ್ತು ಮಾರಾಯ್ತಿ," ಅಂದ್ರು ಅಮ್ಮ ವಿಶಾಲಾಕ್ಷಮ್ಮ. "ಯಾಕೆ ನೀರು ಹಾಕ್ತಿಲ್ಲ ಅಂದ್ರೆ, ಗ್ರೂಪ್ ನೋಡು ಅಂತಾರೆ."

ನೋಡಿದ್ಲು. ಪಟ್ಟಿಯಲ್ಲಿ: ಮಲ್ಲಿಕಾರ್ಜುನಪ್ಪ – 95.

ಗೋಡೆಯ ಕ್ಯಾಲೆಂಡರ್‌ನಲ್ಲಿ, ಅಪ್ಪನ ಕೈಬರಹದಲ್ಲಿ: 20.

ಅಪ್ಪನನ್ನ ಕೇಳಿದ್ರೆ ಟವೆಲ್ ಹೆಗಲಿಗೆ ಹಾಕ್ಕೊಂಡು ಎದ್ದು ಹೋದ್ರು. ಜನ್ಮದಲ್ಲಿ ಸುಳ್ಳು ಹೇಳದ ಅಪ್ಪ... ಹಾಗಾದ್ರೆ ಇಪ್ಪತ್ತನ್ನ ತೊಂಬತ್ತೈದು ಮಾಡಿದವರು ಯಾರು? ಇನ್ಯಾರು! ಅಡ್ಮಿನ್!

ಅದಕ್ಕೇ ಈ ರಣಚಂಡಿ ಅವತಾರ.

"ನಿಮ್ಮಂಥವರಿಗೆ ನಮ್ಮ ಪುಸ್ತಕದಲ್ಲಿ ಗೇಟ್‌ಕೀಪರ್ ಅಂತಾರೆ, ಗೊತ್ತಾ? ಯಾವ ಸುದ್ದಿ ಒಳಗೆ ಬಿಡ್ಬೇಕು, ಯಾವುದು ಬಿಡಬಾರದು ಅಂತ ಬಾಗ್ಲಲ್ಲಿ ನಿಂತು ದೊಡ್ಡಸ್ತಿಕೆ ಮಾಡೋರು!"

"ನಮ್ಮ ಗೇಟಿಗೆ ಅಷ್ಟೆಲ್ಲ ಮರ್ಯಾದೆ ಇಲ್ಲ ಮೇಡಂ. ನಿನ್ನೆ ತಾನೆ ಎರಡು ಎಮ್ಮೆ ನುಗ್ಗಿದ್ವು."

"ತಮಾಷೆ ಬೇಡ! ತೊಂಬತ್ತೈದು ಅಂತ ನೀವು ಹಾಕಿದ್ಮೇಲೆ ಅಪ್ಪ ಎಂಜಿನ್ ಹಾಕಿದ್ರೆ ಊರೆಲ್ಲ ಏನನ್ನುತ್ತೆ? ಅಷ್ಟು ಮಳೆ ಬಿದ್ದೂ ನೀರು ಹಾಕ್ತಿದ್ದಾನೆ, ಸುಳ್ಳ ಅನ್ನುತ್ತೆ! ಆ ನಾಚಿಕೆಗೆ ಅವರು ಹೂ ಸುಟ್ಕೊಂಡು ಕೂತಿದ್ದಾರೆ. ನಾಳೆಗೆ ಐದು ದಿನ. ನಾಳೆ ಆದ್ಮೇಲೆ ನೀರು ಹಾಕಿದ್ರೂ ಒಂದೇ, ಕಣ್ಣೀರು ಹಾಕಿದ್ರೂ ಒಂದೇ!"

ರುದ್ರೇಶ್ ತಲೆ ತಗ್ಗಿಸಿದ. "ಸರಿ ಮೇಡಂ. ತಪ್ಪು ನಂದೇ ಅಂದ್ಕೊಳಿ."

"ಅಂದ್ಕೊಳೋದು ಏನ್ ಬಂತು? ಗ್ರೂಪಲ್ಲಿ ಹಾಕಿ. ನಾನು ತಪ್ಪು ಬರೆದೆ, ಅವರದ್ದು ಇಪ್ಪತ್ತು ಅಂತ. ಈಗ್ಲೇ!"

ಇಷ್ಟು ಬೈದ್ರೂ ತಿರುಗಿ ಒಂದು ಮಾತಾಡಲ್ವಲ್ಲ ಈ ಮನುಷ್ಯ... ಜಗಳಕ್ಕೂ ಎದುರಾಳಿ ಬೇಡ್ವಾ!

ಅವನು ಸುಮ್ಮನೆ ಫೋನ್ ತೆಗೆದ. 'ನನ್ನ ಅಜಾಗ್ರತೆಯಿಂದ...' ಅಂತ ಟೈಪ್ ಮಾಡೋಕೆ ಶುರು ಮಾಡಿದ.

"ಕೊಡಿ ಇಲ್ಲಿ! ಅಜಾಗ್ರತೆ ಅಂತೆ. ಮೋಸ ಅಂತ ಬರೀರಿ!" ಫೋನ್ ಕಿತ್ಕೊಂಡ್ಲು. ಆ ಸಿಟ್ಟಲ್ಲಿ ಬೆರಳು ಎಲ್ಲೆಲ್ಲೋ ಒತ್ತಿ, ಗ್ರೂಪ್ ಹೋಗಿ ಅಪ್ಪನ ಚಾಟ್ ತೆರೀತು. ಮೊನ್ನೆಯ ವಾಯ್ಸ್ ನೋಟ್ ತಾನಾಗೇ ಮಾತಾಡ್ತು.

"ರುದ್ರೇಶಾ... ಇಪ್ಪತ್ತು ಅಂತ ಕಳಿಸಿದ್ನಲ್ಲ, ಅದನ್ನ ಬಿಡು. ತೊಂಬತ್ತೈದು ಅಂತ ಬರ್ಕೊಳಪ್ಪಾ... ಯಾರಿಗೂ ಹೇಳ್ಬೇಡ."

ಅಪ್ಪನ ದನಿ. ಅಪ್ಪನದೇ ದನಿ!

ಸೌಜನ್ಯ ಫೋನನ್ನ ಅವನ ಮುಂದೆ ಹಿಡಿದ್ಲು.

"ಯಾಕೆ?"

"ಮಲ್ಲಂದೂರಿನ ಸೋಮಶೇಖರಪ್ಪೋರು ಮೊದಲು ಒಂದು ಇಂಚು ಇಪ್ಪತ್ತು, ಅಂದ್ರೆ ನೂರಿಪ್ಪತ್ತು ಸೆಂಟ್ ಅಂತ ಕಳಿಸಿದ್ರು. ಆಮೇಲೆ ಯಾರೂ ಎಂಬತ್ತರ ಕೆಳಗೆ ಇಳಿಲಿಲ್ಲ. ಹೋದ ವರ್ಷ ನಿಮ್ಮ ಅಪ್ಪಾಜಿ ಒಬ್ರೇ ಹದಿನೈದು ಅಂತ ನಿಜ ಹೇಳಿದ್ರಲ್ಲ... ಮದುವೆ ಮನೆ ಊಟದ ಪಂಕ್ತೀಲಿ 'ಮಳೆಗೂ ಬೇಡವಾದ ತೋಟ' ಅಂತ ಆಡ್ಕೊಂಡು ನಕ್ಕರು. ಪಾಯಸ ಬಿಟ್ಟು ಎದ್ದು ಹೋದ್ರು ಪಾಪ. ಬಡಿಸ್ತಾ ಇದ್ದವನು ನಾನೇ."

ಪಟ್ಟಿಗೆ ವಾಪಸ್ ಹೋದ್ಲು. 98, 85, 105... ಎಲ್ಲಾ ಸುಳ್ಳಾ? ಸೆಂಟ್ ಪೂಸ್ಕೊಂಡ ಸುಳ್ಳು! ಕೊನೇ ಸಾಲಲ್ಲಿ ಕಣ್ಣು ನಿಂತಿತು. ರುದ್ರೇಶ್ – 90.

ತಲೆ ಎತ್ತಿದ್ಲು. ಅವನ ಹಿಂದಿನ ಗಿಡಗಳಲ್ಲೂ ಮೊಗ್ಗು ಅಪ್ಪನ ತೋಟದ ಹಾಗೇ ಕೆಂಪಗೆ ಕಂದುತ್ತಿತ್ತು.

"ನಿಮ್ಮದು ನಿಜವಾಗ್ಲೂ ಎಷ್ಟು?"

"ಇಪ್ಪತ್ತೆರಡು."

"ಮತ್ತೆ ತೊಂಬತ್ತು ಯಾಕೆ ಹಾಕಿದ್ರಿ?"

"ನಮಗೂ ನಿಮಗೂ ಒಂದೇ ಬೇಲಿ ಅಲ್ವಾ ಮೇಡಂ. ಈ ಕಡೆ ಇಪ್ಪತ್ತೆರಡು, ಆ ಕಡೆ ತೊಂಬತ್ತೈದು ಅಂದ್ರೆ ಸುಳ್ಳು ಯಾರದ್ದು ಅಂತ ಬೇಲಿ ಗೂಟಕ್ಕೂ ಗೊತ್ತಾಗುತ್ತೆ. ದೊಡ್ಡೋರು ಯಾರಿಗೂ ಹೇಳ್ಬೇಡ ಅಂದಿದ್ರು..."

"ಅದಕ್ಕೆ ನೀವೂ ಎಂಜಿನ್ ಹಾಕಿಲ್ಲ."

ಅವನು ತಲೆಯಿಂದ ಒಂದು ಒಣ ಎಲೆ ತೆಗೆದು ಎಸೆದ.

"ಅದಕ್ಕೆ ನಿಮ್ಮ ಹೂವನ್ನೂ ಸುಡ್ತಿದ್ದೀರಿ! ಯಾರ್ರೀ ಕೇಳಿದ್ರು ನಿಮ್ಮ ತ್ಯಾಗಾನ? ನಾನು ಇಷ್ಟು ಬೈತಿದ್ದೀನಿ, ಮೋಸಗಾರ ಅಂತಿದ್ದೀನಿ, 'ನಿಮ್ಮಪ್ಪನೇ ಹೇಳಿದ್ದು' ಅನ್ನೋಕೆ ಬಾಯಿ ಇರ್ಲಿಲ್ವಾ?"

"ನಿಮ್ಮ ಕಣ್ಣಲ್ಲಿ ಅಪ್ಪಾಜಿ ಸಣ್ಣೋರಾಗೋದು ಬೇಡ ಅನ್ನಿಸ್ತು. ನಾನು ಹೇಗೂ... ನೀವೇನೇ ಕಳಿಸಿದ್ರೂ ಬರೀ ಹೆಬ್ಬೆರಳು ಒತ್ತೋ ಅಡ್ಮಿನ್ ತಾನೆ."

ಸಿಟ್ಟು ಬಂತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು!

ನಾಲ್ಕನೇ ಅಧ್ಯಾಯ ಕಣ್ಮುಂದೆ ಬಂತು. ಸತ್ತಿದೆ ಅಂತ ಇವಳು ಬರೆದಿದ್ದ ಸುರುಳಿ ಅಪ್ಪನ ಕೊರಳಿಗೇ ಸುತ್ತಿಕೊಂಡಿದೆ. ಮೊದಲಾದ್ರೆ ಹೆದರಿದವನು ಸುಮ್ಮನಿರ್ತಿದ್ದ. ಈಗ ಸುಮ್ಮನಿದ್ರೂ ಗೊತ್ತಾಗುತ್ತೆ, ಪಟ್ಟಿಯಲ್ಲಿ ಹೆಸರಿನ ಮುಂದೆ ಜಾಗ ಖಾಲಿ ಉಳಿಯುತ್ತೆ. ಅದಕ್ಕೆ ಎಪ್ಪತ್ತು ಜನರೂ ಮಾತಾಡಿದ್ದಾರೆ... ಒಬ್ಬರೂ ಬಾಯಿ ಬಿಟ್ಟಿಲ್ಲ!

"ಸೌಜೂ..."

ಬೇಲಿಯ ಆಚೆ ಅಪ್ಪ ನಿಂತಿದ್ರು. ಮಗಳ ಗಂಟಲಿಗೆ ಅರ್ಧ ಬಣಕಲ್ ಎದ್ದಿತ್ತು, ಪಕ್ಕದ ತೋಟದ ಅಪ್ಪ ಏಳದೇ ಇರ್ತಾರಾ?

"ಅವನನ್ನ ಬೈಬೇಡ. ಬೈಯೋದಿದ್ರೆ ನನ್ನ ಬೈ."

"ಬೈತೀನಿ ಅಪ್ಪಾ! ನಾಲ್ಕು ಜನ ನಕ್ಕರು ಅಂತ ವರ್ಷದ ಹೂವನ್ನ ಸುಡ್ತೀರಲ್ಲ! ನಿಮ್ಮ ಜೊತೆ ಇವರದ್ದೂ ಸುಡ್ತಿದೆ, ನೋಡಿದ್ರಾ?"

"ನಿಂಗೇನು ಗೊತ್ತು?" ಅಪ್ಪನೂ ಸಿಡಿದ್ರು. "ಪಂಕ್ತೀಲಿ ಕೂತವನು ನಾನು! ಅನ್ನ ಗಂಟಲಲ್ಲಿ ಇಳಿಯಲ್ಲ ಕಣೇ..." ಬೇಲಿ ದಾಟಿ ಬಂದಿದ್ದ ರೆಂಬೆಯನ್ನ ಹಿಡ್ಕೊಂಡ್ರು. ಅದು ರುದ್ರೇಶನ ಗಿಡ. ಮುಟ್ಟಿದ ಮೊಗ್ಗು ಬೆರಳಲ್ಲೇ ಉದುರಿತು.

ಅಪ್ಪ ಆ ಮೊಗ್ಗನ್ನ ಅಂಗೈಗೆ ಹಾಕ್ಕೊಂಡು ನೋಡಿದ್ರು.

"ರುದ್ರೇಶಾ, ನಿಂದೂ ಹಾಕಿಲ್ವೇನೋ ನೀರು?"

"ಹಾಕಣ ಮಾವ... ಆಗುತ್ತೆ."

"ಗ್ರೂಪ್ ತೆಗಿ. ಎಲ್ರೂ ಮಾತಾಡೋ ಹಾಗೆ ಮಾಡು."

ರುದ್ರೇಶ್ ತೆಗೆದ. ಅಪ್ಪ ತಮ್ಮ ಫೋನನ್ನ ಬಾಯಿ ಹತ್ತಿರ ಹಿಡ್ಕೊಂಡ್ರು.

"ನಾನು ಮಲ್ಲಿಕಾರ್ಜುನಪ್ಪ. ಮೊನ್ನೆ ಸುಳ್ಳು ಹೇಳಿದ್ದೆ. ನಮ್ಮಲ್ಲಿ ಬಿದ್ದಿದ್ದು ಇಪ್ಪತ್ತೇ ಸೆಂಟ್. ಈಗ ಎಂಜಿನ್ ಹಾಕ್ತಿದ್ದೀನಿ. ನಗೋರು ನಗ್ರಪ್ಪಾ."

ಒಂದು ನಿಮಿಷ. ಎರಡು ನಿಮಿಷ. ಎಪ್ಪತ್ತು ಜನರೂ ಕೇಳಿದ ಗುರುತು ಬಂತು. ಯಾರೂ ತುಟಿ ಬಿಚ್ಚಲಿಲ್ಲ.

ಸೌಜನ್ಯ ಅಪ್ಪನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು. 'ಯಾರಾದ್ರೂ ನಕ್ಕರೆ ಅವರ ಮನೆಗೇ ಹೋಗಿ ಬೈದು ಬರ್ತೀನಿ!'

ಆಮೇಲೆ ಒಂದು 'ಟಿಂಗ್'. "ನಮ್ದು 18. ಕ್ಷಮಿಸಿ."

"25 ಕಣ್ರಪ್ಪ."

"ನಮ್ಮಲ್ಲಿ ಹನಿಯೇ ಬಿದ್ದಿಲ್ಲ!"

ಕೊನೆಗೆ ಮಲ್ಲಂದೂರು ಬಾಯಿ ಬಿಡ್ತು. "ನಮ್ದೂ ಮೂವತ್ತೇ ಮಾರಾಯ. ಅಳಿಯ ಬಂದಿದ್ದ, ಅವನ ಮುಂದೆ ಸ್ವಲ್ಪ ಜಾಸ್ತಿ ಹೇಳ್ಬಿಟ್ಟೆ."

ಅಪ್ಪ ಎಷ್ಟೋ ದಿನದ ಮೇಲೆ ನಕ್ಕರು. "ತೊಂಬತ್ತು ಸೆಂಟು ಸ್ವಲ್ಪವಂತೆ!" ಅಂದವರೇ, "ಚಿಕ್ಕಯ್ಯಾ, ಪೈಪ್ ಎಳಿಯೋ!" ಅಂತ ಮೇಸ್ತ್ರಿಯನ್ನ ಕೂಗ್ತಾ ಕೆರೆ ಕಡೆ ಓಡಿದ್ರು. ಹತ್ತು ನಿಮಿಷಕ್ಕೆ ಅವರ ಎಂಜಿನ್ ಕೆಮ್ಮಿತು. ಆಮೇಲೆ ಗುಡ್ಡದಾಚೆ ಇನ್ನೊಂದು. ಅದರಾಚೆ ಮತ್ತೊಂದು.

"ನಿಮ್ಮದು?" ಅಂದ್ಲು ಸೌಜನ್ಯ.

"ಹೊರಟೆ." ಎರಡು ಹೆಜ್ಜೆ ಹೋದವನು ನಿಂತ. "ಕೋಪ ಹೋಯ್ತಾ ಮೇಡಂ?"

"ಇಲ್ಲ. ಒಂದೂವರೆ ವರ್ಷದ್ದು ಬಾಕಿ ಇದೆ. ನಾನು ಐದೈದು ನಿಮಿಷ ವಾಯ್ಸ್ ನೋಟ್ ಕಳಿಸ್ತಿದ್ದೆ, ನಿಮ್ಮಿಂದ ಬರೀ ಹೆಬ್ಬೆರಳು! ಅರ್ಧ ಗಂಟೆ 'ಟೈಪಿಂಗ್' ಅಂತ ತೋರಿಸ್ತಿತ್ತು. ಫೋನ್ ಹಿಡ್ಕೊಂಡು ಕಾಯ್ತಿದ್ದೆ ಗೊತ್ತಾ, ಪೆದ್ದಿ ಹಾಗೆ! ಅಷ್ಟು ಹೊತ್ತು ಏನ್ ಬರೀತಿದ್ರಿ?"

ಅವನ ಕಿವಿ ಕೆಂಪಾಯ್ತು.

"ಊಟ ಆಯ್ತಾ ಅಂತ ಬರೆದು ಅಳಿಸ್ತಿದ್ದೆ. ನಿಮ್ಮ ದನಿ ಚೆನ್ನಾಗಿದೆ ಅಂತ ಬರೆದು ಅಳಿಸ್ತಿದ್ದೆ. ಊರಿಗೆ ಯಾವಾಗ ಬರ್ತೀರಿ ಅಂತ... ಪಿಎಚ್‌ಡಿ ಮೇಡಂ, ನಮ್ಮಂಥೋನು ಏನಾದ್ರೂ ಹೇಳಿದ್ರೆ ನಗ್ತೀರಾ ಅಂತ ಹೆದರಿಕೆ. ಯಾವುದೂ ಕಳಿಸೋಕೆ ಧೈರ್ಯ ಆಗ್ಲಿಲ್ಲ."

"ಅಳಿಸಿದ್ದನ್ನ ಯಾರ್ರೀ ಓದ್ತಾರೆ?" ಕಣ್ಣು ತುಂಬಿಕೊಂಡೇ ಗದರಿದ್ಲು. "ಎದುರಿಗೇ ನಿಂತಿದ್ದೀನಲ್ಲ, ಈಗ ಹೇಳಿ."

"ಸೌಜನ್ಯ..." ಮೊದಲ ಸಲ ಹೆಸರು ಹಿಡಿದು ಕರೆದ. "ನಂಗೆ ನೀವಂದ್ರೆ ತುಂಬ ಇಷ್ಟ. ಹೀಗೆ ಬೈತಾ ಇದ್ರೂ ಇಷ್ಟ. ದಿನಾ ಬೈಸ್ಕೊಳೋಕೆ ನಾನು ತಯಾರು. ನೀವು?"

ಅವಳು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ್ಲು.

"ಮೊದಲು ಹೋಗಿ ಗಿಡಕ್ಕೆ ನೀರು ಹಾಕಿ. ಸಂಜೆ ಮನೆಗೆ ಬಂದು ಅಮ್ಮನ ಹತ್ರ ಮಾತಾಡಿ."

"ಅಮ್ಮ ಬೈದ್ರೆ?"

"ನಿಮ್ಮನ್ನ ಬೈಯೋಕೆ," ಅಂದ್ಲು ಸೌಜನ್ಯ, ಮೊದಲ ಸಲ ಮೆತ್ತಗೆ, "ಇನ್ಮೇಲೆ ನಾನೊಬ್ಳೇ."