ಕಣ್ಣಿಡಬೇಕಾದ ಹುಡುಗರು

ನಾನು ಮಾಡಿದ ತಪ್ಪು ಇಷ್ಟೇ. ಬಡ್ ಕೊಸಾಕ್ ಮಂಗಳವಾರ ಬೆಳಿಗ್ಗೆ ಫೋನಿಗೆ ಒಂದು ಮೆಸೇಜ್ ಕಳಿಸಿದ, ನಾನು ಸರಿಯಾಗಿ ಓದದೆ 'ಆಯ್ತು' ಎಂದು ಒತ್ತಿದೆ. ಎರಡೂವರೆ ವರ್ಷದಿಂದ ನಾನು ಎಲ್ಲದಕ್ಕೂ ಆಯ್ತು ಎನ್ನುತ್ತಿದ್ದೆ. ಚರ್ಚಿನವರು ಕೇಕ್ ಮಾಡಿ ತರುತ್ತೀಯಾ ಎಂದರೂ ಆಯ್ತು, ಅಂಗಡಿಯವರು ಶನಿವಾರವೂ ಬರುತ್ತೀಯಾ ಎಂದರೂ ಆಯ್ತು. ಬೇಡ ಎನ್ನಲು ಕಾರಣ ಹುಡುಕಬೇಕು, ಅಷ್ಟು ಶಕ್ತಿ ನನ್ನಲ್ಲಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನ್ ಮೇಜಿನ ಮೇಲೆ ಗುಂಯ್‌ಗುಡುತ್ತಿತ್ತು. ನಮ್ಮ ಬೇಸ್‌ಬಾಲ್ ಲೀಗಿನವರೆಲ್ಲ ಒಟ್ಟಿಗೆ ಕೂಗಾಡುತ್ತಿದ್ದರು. 'ಇದು ಹಗಲು ದರೋಡೆ.' 'ಆರ್ಡಿಸ್ ಲೀಗ್ ಬಿಡ್ತಿದಾಳಾ?' ಆರ್ಡಿಸ್ ಎಂದರೆ ನಾನೇ. ನಾನು ಫೋನನ್ನು ಬೋರಲು ಹಾಕಿ, ಎದುರಿಗೆ ಕುಳಿತಿದ್ದ ಅಜ್ಜಿಯ ಕನ್ನಡಕದ ಫ್ರೇಮು ನೆಟ್ಟಗೆ ಮಾಡಿ ಕೊಟ್ಟೆ. ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ ಅದೇ.

ಲೀಗ್ ಎಂದರೆ ನಿಜವಾದ ಲೀಗಲ್ಲ. ನಮ್ಮಲ್ಲಿ ಯಾರೂ ಬ್ಯಾಟು ಹಿಡಿದವರಲ್ಲ. ಪ್ರತಿ ಮಾರ್ಚಿನಲ್ಲಿ ಹನ್ನೆರಡು ಜನ ಬಡ್‌ನ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ದೇಶದ ಆಟಗಾರರನ್ನೆಲ್ಲ ಕಾಗದದ ಮೇಲೆ ನಮ್ಮನಮ್ಮೊಳಗೆ ಹಂಚಿಕೊಳ್ಳುತ್ತೇವೆ. ಅವರು ಎಲ್ಲೋ ಹೊಡೆದರೆ ಇಲ್ಲಿ ನಮ್ಮೂರು ಶೆಬಾಯ್ಗನ್‌ನಲ್ಲಿ ನಮಗೆ ಅಂಕ. ಒಮ್ಮೆ ಆರಿಸಿದವನು ನಾವಾಗಿ ಬಿಟ್ಟುಕೊಡುವ ತನಕ ನಮ್ಮವನೇ, ಹತ್ತು ವರ್ಷವಾದರೂ ಸರಿ. ಹಾಗಾಗಿ ಎಲ್ಲರ ಕಣ್ಣೂ ಎಳೆಯ ಹುಡುಗರ ಮೇಲೆ. ಹದಿನೇಳರ ಹುಡುಗನೊಬ್ಬನನ್ನು ಈಗಲೇ ಹಿಡಿದಿಟ್ಟುಕೊಂಡು, ಅವನು ದೊಡ್ಡ ಮೈದಾನಕ್ಕೆ ಬರಲಿ ಎಂದು ನಾಲ್ಕೈದು ವರ್ಷ ಕಾಯುವುದು. ನನ್ನ ಅತ್ತೆ ಇದನ್ನು ದೊಡ್ಡವರ ಬೊಂಬೆಯಾಟ ಎನ್ನುತ್ತಿದ್ದರು.

ಆ ಕೋಣೆಯ ಮೇಜಿನ ಸುತ್ತ ನನಗೂ ನನ್ನ ಗಂಡ ಕರ್ಟ್‌ಗೂ ಸೇರಿ ಒಂದು ತಂಡ, ಒಂದು ಜಾಗ. ಆಗಸ್ಟಿನ ಒಂದು ಭಾನುವಾರ ಹುಲ್ಲು ಕತ್ತರಿಸುತ್ತಿದ್ದ ಕರ್ಟ್ ಅಲ್ಲೇ ಕುಸಿದುಬಿಟ್ಟ. ಮೂವತ್ತೊಂಬತ್ತು ವರ್ಷ. ಜಾಗ ನನಗೆ ಉಳಿಯಿತು. ಆಮೇಲೆ ಎರಡು ಮಾರ್ಚ್ ನಾನು ಹೋಗಿ ಕುಳಿತೆ, ಯಾರ್ಯಾರೋ ಹೆಸರು ಹೇಳಿದೆ, ಎದ್ದು ಬಂದೆ. ಎರಡು ವರ್ಷವೂ ನಮ್ಮ ತಂಡ ಕೊನೆಯ ಸ್ಥಾನಕ್ಕೆ ಬಂತು. ಕೊನೆಗೆ ಬಂದವರು ಹಸುವಿನ ವೇಷ ಹಾಕಿಕೊಂಡು ಬೌಲಿಂಗ್ ಆಡಬೇಕು, ಉಳಿದವರು ಹೊಟ್ಟೆ ಹುಣ್ಣಾಗುವಂತೆ ನಗಬೇಕು. ನನಗೆ ಮಾತ್ರ ಯಾರೂ ವೇಷ ಕೊಡಲಿಲ್ಲ. ಅದನ್ನು ಸುಮ್ಮನೆ ಮೊಳೆಗೆ ನೇತುಹಾಕಿ, ಊಟ ಮಾಡಮ್ಮ ಎಂದರು.

ನಾಲ್ಕು ಗಂಟೆಗೆ ವೆಂಡಲ್ ಬಂದ. ಬೂಟಿಗೆ ಮೆತ್ತಿದ್ದ ಹಿಮ ಒದರಿ, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಕಾಲಿಟ್ಟ. ವೆಂಡಲ್ ಹೈಸ್ಕೂಲಿನಲ್ಲಿ ಬ್ಯಾಂಡ್ ಮೇಷ್ಟ್ರು, ನಮ್ಮ ಲೀಗಿನ ಯಜಮಾನ. ನಿಯಮ ನೋಡುವುದು, ಜಗಳ ಬಿಡಿಸುವುದು ಅವನ ಪಾಲು. ಕರ್ಟ್‌ನ ಗೆಳೆಯ. ನಲವತ್ತಾದರೂ ಮದುವೆಯಾಗಿಲ್ಲ.

"ಮತ್ತೆ ಸಡಿಲ ಆಯ್ತು," ಎಂದ.

"ಹೋದ ತಿಂಗಳು ತಾನೇ ಬಿಗಿ ಮಾಡಿ ಕೊಟ್ಟೆ?"

"ದಿನಾ ಡೋಲು ಬಡಿಯೋ ಹುಡುಗ್ರ ಮಧ್ಯೆ ಇರ್ತೀನಲ್ಲ, ಅದುರಿ ಅದುರಿ ಬಿಚ್ಕೊಳ್ಳುತ್ತೆ."

ಕನ್ನಡಕವಿಲ್ಲದಿದ್ದರೆ ವೆಂಡಲ್‌ನ ಕಣ್ಣು ಚಿಕ್ಕದಾಗುತ್ತದೆ. ಎದುರಿಗಿರುವವರ ಮುಖ ಸರಿಯಾಗಿ ಕಾಣದೆ, ಯಾತಕ್ಕೂ ಇರಲಿ ಎಂಬಂತೆ ಮೊದಲೇ ಸ್ವಲ್ಪ ನಗುತ್ತಾನೆ. ಚೆಂದದ ನಗು. ಅದು ಚೆಂದ ಎಂದು ನನಗೆ ಗೊತ್ತಾಗುತ್ತಿತ್ತು. ಕ್ಯಾಲೆಂಡರಿನಲ್ಲಿ ಇವತ್ತು ಮಂಗಳವಾರ ಎಂದು ಗೊತ್ತಾದಂತೆ, ಅಷ್ಟೇ.

"ಆರ್ಡಿಸ್, ಬಡ್‌ಗೆ ಯಾರನ್ನ ಕೊಟ್ಟೆ ಗೊತ್ತಾ?"

"ಯಾರೋ ಹುಡುಗ."

"ಯಾರೋ ಅಲ್ಲ ಮಾರಾಯ್ತಿ, ಯೊರ್ಲಿನ್ ಮಾತೆಯೋ! ಹತ್ತೊಂಬತ್ತು ವರ್ಷ. ಈ ಸಲ ಕಣ್ಣಿಡಬೇಕಾದ ಹುಡುಗರ ಪಟ್ಟಿ ಯಾರೇ ಮಾಡ್ಲಿ, ಮೊದಲನೇ ಹೆಸರು ಅವನದೇ. ಬದಲಿಗೆ ನಿನಗೆ ಬಂದಿದ್ದು ಮೂವತ್ತೇಳರ ಮುದುಕ. ಎರಡೂ ಮೊಣಕಾಲು ಆಪರೇಷನ್ ಆಗಿದೆ."

"ಸರಿ."

"ಸರಿ ಅಂದ್ರೆ?"

"ಮುದುಕ ಈ ವರ್ಷ ಆಡ್ತಾನೆ, ಮುಗಿಸ್ತಾನೆ. ನನಗೂ ಅಷ್ಟು ಸಾಕು. ಈ ಸೀಸನ್ ಆದ್ಮೇಲೆ ನನ್ನ ಜಾಗ ಯಾರಿಗಾದ್ರೂ ಕೊಟ್ಬಿಡು ವೆಂಡಲ್."

ಕೌಂಟರಿನ ಗಾಜಿನ ಮೇಲೆ ಯಾವಾಗಲೂ ಏನೋ ತಾಳ ಹಾಕುತ್ತಿರುವ ಅವನ ಬೆರಳುಗಳು ನಿಂತವು. ನಾನು ಚಿಕ್ಕ ಸ್ಕ್ರೂಡ್ರೈವರ್ ಎತ್ತಿಕೊಂಡೆ. ಆಗ ಒಂದು ವಿಷಯ ಹೊಳೆಯಿತು.

"ಆ ಹುಡುಗನನ್ನ ನಾನು ಯಾವತ್ತೂ ಆರಿಸಲೇ ಇಲ್ವಲ್ಲ. ನನ್ನ ತಂಡಕ್ಕೆ ಹೇಗೆ ಬಂದ?"

ವೆಂಡಲ್‌ನ ಕಿವಿ ಕೆಂಪಾಯಿತು. ಹೊರಗೆ ಅಷ್ಟು ಚಳಿಯಿದ್ದಾಗಲೂ ಕೆಂಪಾಗಿರಲಿಲ್ಲ.

"ಕೂಸಿನ ಸುತ್ತಿನಲ್ಲಿ ನೀನು ಪಾಸ್ ಅಂದಿದ್ದೆ," ಎಂದ.

ಕೊನೆಯ ಸುತ್ತಿಗೆ ನಾವು ಇಟ್ಟ ಹೆಸರು ಕೂಸಿನ ಸುತ್ತು. ಹದಿನೆಂಟು ತುಂಬದ ಹುಡುಗನೊಬ್ಬನನ್ನು ಪ್ರತಿಯೊಬ್ಬರೂ ಆರಿಸಬೇಕು. ಕರ್ಟ್ ಹೋದ ಮೇಲೆ ಎರಡು ಸಲವೂ ಆ ಸುತ್ತಿನಲ್ಲಿ ಪಾಸ್ ಎಂದು ಹೇಳಿ ಕೋಟು ಹಾಕಿಕೊಂಡಿದ್ದೆ.

"ಪಾಸ್ ಅಂದ್ರೂ ಜಾಗ ಖಾಲಿ ಬಿಡೋ ಹಾಗಿಲ್ಲ. ಅವರ ಪರವಾಗಿ ಯಜಮಾನ ತುಂಬಬೇಕು. ನಿಯಮ."

"ಅದಕ್ಕೆ ತುಂಬಿದೆ?"

"ತುಂಬಿದೆ. ಹೋದ ವರ್ಷ ತುಂಬಿದವನಿಗೆ ಮೊಣಕೈ ಪೆಟ್ಟಾಯ್ತು, ಅವನ ಮಾತು ಬಿಡು. ಅದರ ಹಿಂದಿನ ವರ್ಷ ತುಂಬಿದ ಮಾತೆಯೋನ ಮಾತ್ರ ಎಂಟು ತಿಂಗಳಿಂದ ಗಮನಿಸ್ತಿದ್ದೆ. ಆಗ ಯಾರಿಗೂ ಅವನ ಹೆಸರೇ ಗೊತ್ತಿರಲಿಲ್ಲ. ನನಗೇ ಅಂತ ಮುಚ್ಚಿಟ್ಕೊಂಡಿದ್ದೆ."

"ಮತ್ತೆ ನಿನಗೇ ಇಟ್ಕೋಬೇಕಿತ್ತು."

"ಹೂಂ."

"ಪಾಪ ಅಂತ ಕೊಟ್ಯಾ?"

"ಪಾಪ ಅನ್ನಿಸಿದ್ರೆ ಜನ ಕೇಕ್ ಕೊಡ್ತಾರೆ, ಶಾರ್ಟ್‌ಸ್ಟಾಪ್ ಆಟಗಾರನ್ನ ಕೊಡಲ್ಲ." ನಗಲು ಹೋದ, ಆಗಲಿಲ್ಲ. "ನಾಲ್ಕೈದು ವರ್ಷ ಕಾಯಬೇಕಾದ ಹುಡುಗ ಒಬ್ಬ ನಿನ್ನ ತಂಡದಲ್ಲಿದ್ರೆ, ಅಷ್ಟು ವರ್ಷ ನೀನು ಆ ಮೇಜಿಗೆ ಬರ್ತೀಯ ಅಂತ ಲೆಕ್ಕ ಹಾಕಿದೆ. ನೀನು ಬರೋದು ನನಗೆ ಬೇಕಿತ್ತು. ಈಗಲೂ ಬೇಕು."

ಅಂಗಡಿಯ ಹೀಟರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇಂಥ ಮಾತಿಗೆ ಎದೆ ಧಸಕ್ಕೆನ್ನಬೇಕು. ನಾನು ಕಾದೆ, ಎನ್ನಲಿಲ್ಲ.

"ನನಗೆ ಏನೂ ಅನ್ನಿಸ್ತಿಲ್ಲ ವೆಂಡಲ್. ಸುಳ್ಳು ಹೇಳಲ್ಲ."

"ಗೊತ್ತು. ಅನ್ನಿಸ್ಬೇಕು ಅಂತ ಬಂದಿಲ್ಲ."

"ಅದಲುಬದಲು ತಡೀತೀಯಾ? ಯಜಮಾನ ತಡೀಬಹುದಲ್ಲ."

"ತಡೆಯಲ್ಲ. ಶನಿವಾರ ಮೇಜಿನ ಹತ್ರ ಇಬ್ಬರೂ ಬಾಯಿಬಿಟ್ಟು ಆಯ್ತು ಅಂದ್ರೇನೇ ಪಕ್ಕಾ. ಅನ್ನೋದು ಬಿಡೋದು ನಿನಗೇ ಬಿಟ್ಟಿದ್ದು."

ನಾನು ಕನ್ನಡಕದತ್ತ ಬಗ್ಗಿದೆ. ಎಡಗಡೆಯ ಸ್ಕ್ರೂವಿನ ತಲೆಯ ಮೇಲೆಲ್ಲ ಗೀರು. ಅದುರಿ ಸಡಿಲವಾದ ಸ್ಕ್ರೂವಿಗೆ ಗೀರು ಬೀಳುವುದಿಲ್ಲ. ಯಾವುದೋ ಮೊಂಡು ಉಪಕರಣದಿಂದ ಯಾರೋ ಮತ್ತೆ ಮತ್ತೆ ತಿರುಗಿಸಿದ್ದರು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವಳು, ಈ ಒಂದು ಸ್ಕ್ರೂವನ್ನು ಒಂದು ವರ್ಷದಲ್ಲಿ ಹತ್ತು ಸಲ ಬಿಗಿ ಮಾಡಿದವಳು, ಇವತ್ತು ಅದನ್ನು ನೋಡಿದೆ. ಮತ್ತೆ ಬಿಗಿ ಮಾಡಿ ಕೊಟ್ಟೆ.

ಮನೆಯಲ್ಲಿ ಡಬ್ಬಿಯ ಟೊಮೆಟೊ ಸೂಪು ಬಿಸಿಗಿಟ್ಟು ಅಡುಗೆಮನೆಯ ಡ್ರಾಯರ್ ಎಳೆದೆ. ವೆಂಡಲ್ ಪ್ರತಿ ಫೆಬ್ರುವರಿಯಲ್ಲಿ ಎಳೆಯ ಹುಡುಗರ ಪಟ್ಟಿ ಮಾಡಿ, ಪಿನ್ ಹೊಡೆದು ನಮಗೆಲ್ಲ ಹಂಚುತ್ತಾನೆ. ನನ್ನವು ಮೂರೂ ಅಲ್ಲೇ ಬಿದ್ದಿದ್ದವು. ಈ ವರ್ಷದ್ದನ್ನು ಬಿಡಿಸಿದೆ. ಬೇರೆಯವರ ಪಟ್ಟಿಯಲ್ಲಿ ಬರೀ ಅಂಕಿಅಂಶ ಇರುತ್ತದೆ. ಇವನು ಹುಡುಗರ ಬಗ್ಗೆ ಊರಿನ ಮಕ್ಕಳ ಬಗ್ಗೆ ಬರೆದಂತೆ ಬರೆದಿದ್ದ.

'ಯೊರ್ಲಿನ್ ಮಾತೆಯೋ: ಚೆಂಡು ಬಿಟ್ಟರೂ ತಲೆ ತಗ್ಗಿಸುವುದಿಲ್ಲ, ಮುಂದಿನ ಚೆಂಡಿಗೆ ಸಿದ್ಧನಾಗಿರುತ್ತಾನೆ. ಬೇಸಿಗೆಯೊಳಗೆ ಬರುತ್ತಾನೆ.'

'ಆಬ್ನೆರ್ ಕಿರೋಸ್, ಹದಿನೇಳು: ಸಣಕಲ. ಹೊಡೆತದಲ್ಲಿ ಇನ್ನೂ ಬಲವಿಲ್ಲ. ಔಟಾದಾಗ ತನ್ನಷ್ಟಕ್ಕೆ ನಗುತ್ತಾನೆ. ಐದು ವರ್ಷಕ್ಕಿಂತ ಮೊದಲು ಏನೂ ಆಗುವುದಿಲ್ಲ. ಆದರೂ ಕಾಯಬಹುದು.'

ಫೋನಿನಲ್ಲಿ ಮಾತೆಯೋನನ್ನು ಹುಡುಕಿದೆ. ನಲವತ್ತು ಸೆಕೆಂಡಿನ ವಿಡಿಯೋ. ಚೆಂಡು ಅವನ ಕೈಗವಸಿಗೆ ತಗುಲಿ ಚಿಮ್ಮಿ ಹೋಗುತ್ತದೆ. ಅವನು ಅಂಗಿ ಕೊಡವಿ, ಮೊಣಕಾಲು ಬಾಗಿಸಿ ಮತ್ತೆ ನಿಲ್ಲುತ್ತಾನೆ. ಇಂಥವನನ್ನು ಬಡ್ ಕೊಸಾಕ್ ಒಂದು ಮೆಸೇಜಿನಲ್ಲಿ ಹೊಡೆದುಕೊಂಡು ಹೋಗಿದ್ದ. ಈ ಹೆಂಗಸಿಗೆ ಎಚ್ಚರವಿಲ್ಲ ಎಂದು ಗೊತ್ತಿದ್ದೇ ಕಳಿಸಿದ್ದ.

ನನಗೆ ಸಿಟ್ಟು ಬಂತು. ಎಷ್ಟೋ ಕಾಲದ ಮೇಲೆ ಮೊದಲು ಬಂದದ್ದು ಪ್ರೀತಿಯಲ್ಲ, ಅಳುವಲ್ಲ, ಬಡ್‌ನ ಮೇಲೆ ಒಳ್ಳೆಯ ಖಾರದ ಸಿಟ್ಟು. ಸೂಪು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಬೈದುಕೊಂಡು ಒರೆಸಿದೆ.

ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಮಧ್ಯಾಹ್ನ ಬಡ್‌ನ ಅಂಗಡಿಗೆ ಹೋದಾಗ ಹಿಂದಿನ ಕೋಣೆಯಲ್ಲಿ ಸುಟ್ಟ ಬ್ರಾಟ್‌ವುರ್ಸ್ಟ್ ಸಾಸೇಜಿನ ವಾಸನೆ ತುಂಬಿತ್ತು. ಗೋಡೆಯ ಆಚೆ ಬೌಲಿಂಗ್ ಗೂಟಗಳು ದಡಬಡ ಬೀಳುತ್ತಿದ್ದವು. ಗೋಡೆಗೆ ದೊಡ್ಡ ಹಲಗೆ, ಅದರ ಮುಂದೆ ಹೆಸರಿನ ಚೀಟಿಗಳ ಹಾಳೆ ಹಿಡಿದು ನಿಂತ ವೆಂಡಲ್. ಎಲ್ಲರೂ ಎಲ್ಲರಿಗೂ ಬೈಯುತ್ತಿದ್ದರು. ನಾನು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ದನಿಗಳು ತಗ್ಗಿದವು.

"ಬಾಮ್ಮ ಆರ್ಡಿಸ್, ಹೀಟರ್ ಪಕ್ಕ ಕೂತ್ಕೋ. ಬಿಸಿಬಿಸಿ ಇದೆ, ತಿನ್ನು," ಎಂದ ಬಡ್, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ. ಅರವತ್ತಮೂರು ವರ್ಷದ ಆ ಗಂಟಲಿಗೆ ಅಷ್ಟು ಮೆಲ್ಲಗೆ ಮಾತಾಡಿ ಅಭ್ಯಾಸವೇ ಇಲ್ಲ.

ವೆಂಡಲ್ ಹಾಳೆ ನೋಡುತ್ತ ಹೇಳಿದ, ನನ್ನ ಕಡೆ ನೋಡದೆ. "ಮೊದಲು ಅದಲುಬದಲು. ಬಡ್?"

"ಆಯ್ತು!"

"ಆರ್ಡಿಸ್?"

ನಾಲಿಗೆಯ ತುದಿಗೆ ಆಯ್ತು ಬಂದೇಬಿಟ್ಟಿತ್ತು. ಅದು ಅಷ್ಟು ಪಳಗಿತ್ತು.

"ಬೇಡ," ಎಂದೆ.

"ಬೇಡ ಅಂದ್ರೆ?" ಬಡ್ ಕಣ್ಣು ಬಿಟ್ಟ.

"ಬೇಡ ಅಂದ್ರೆ ಬೇಡ. ನಿನ್ನ ಮುದುಕನ್ನ ನೀನೇ ಇಟ್ಕೋ. ಇಬ್ರೂ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕೊಳ್ಳಿ."

ಎಲ್ಲರೂ ಕೋಣೆ ಹಾರಿಹೋಗುವಂತೆ ನಕ್ಕರು. ಬಡ್ ಮೇಜು ಗುದ್ದಿ, ತನ್ನ ನಿಜವಾದ ದನಿಯಲ್ಲಿ ಅರಚಿದ. "ಕಳ್ಳಿ! ಎರಡು ವರ್ಷ ಸತ್ತೋರ ಹಾಗೆ ಕೂತಿದ್ದು ಈಗ ನನ್ನೇ ಯಾಮಾರಿಸ್ತೀಯಾ!"

ಅಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ. ಸತ್ತವರು ಎಂಬ ಮಾತು ಮೇಜಿನ ಮೇಲೆ ಬಿದ್ದಿತ್ತು. ಎಲ್ಲರೂ ತಟ್ಟೆ ನೋಡತೊಡಗಿದರು. ಬಡ್‌ನ ದೊಡ್ಡ ಮುಖ ಬಿಳುಚಿತು. ನನಗೆ ಮಾತ್ರ ನಗು ಬಂತು, ತಡೆಯಲಾರದ ನಗು. ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಬೈಗುಳ ಅದು.

"ಆ ಹಸುವಿನ ವೇಷ ಕೊಡು ಇಲ್ಲಿ," ಎಂದೆ ಕಣ್ಣೊರೆಸಿಕೊಂಡು. "ಎರಡು ವರ್ಷದ್ದು ಬಾಕಿ ಇದೆ."

ಹೀಗೆ ಆ ಮಧ್ಯಾಹ್ನ ನಾನು ಹಸುವಾಗಿ ಕುಳಿತು ಆಟಗಾರರನ್ನು ಆರಿಸಿದೆ. ಎಲ್ಲರೂ ಬಾಯಿಗೆ ಬಂದಂತೆ ಆಡಿಕೊಂಡರು. ಕೊನೆಗೆ ಕೂಸಿನ ಸುತ್ತು ಬಂತು. ವೆಂಡಲ್‌ನ ಸರದಿ ನನ್ನದಾದ ಮೇಲೆ. ಅವನು ಪೆನ್ನು ಹಿಡಿದು ಕಾದ, ಪಾಸ್ ಎಂಬುದನ್ನು ಕೇಳಿಸಿಕೊಳ್ಳಲು ಸಿದ್ಧನಾಗಿ.

"ಆಬ್ನೆರ್ ಕಿರೋಸ್," ಎಂದೆ.

ಅವನು ಈಗ ನನ್ನ ಕಡೆ ನೋಡಿದ. ಕನ್ನಡಕದ ಹಿಂದೆ ಆ ಕಣ್ಣು ಮೊದಲು ದೊಡ್ಡದಾಯಿತು, ಆಮೇಲೆ ನನ್ನ ತಲೆಯ ಮೇಲಿನ ಕೋಡಿನ ತನಕ ಹೋಗಿ ಬಂತು.

"ಅವನು ನನ್ನ ಹುಡುಗ," ಎಂದ ಮೆಲ್ಲಗೆ.

"ಗೊತ್ತು. ಪಟ್ಟಿ ಓದಿದೆ."

"ಐದು ವರ್ಷ ಆಗುತ್ತೆ ಆರ್ಡಿಸ್."

"ಕಾಯಬಹುದು ಅಂತ ಬರೆದೋನು ನೀನೇ ಅಲ್ವಾ?"

ಬಡ್ ಒಮ್ಮೆ ಇವನ ಮುಖ, ಒಮ್ಮೆ ನನ್ನ ಮುಖ ನೋಡಿ, "ಅಂಟಿಸಪ್ಪಾ ಬೇಗ, ಹಸೂಗೆ ಹಾಲು ಕರೆಯೋ ಹೊತ್ತಾಯ್ತು," ಎಂದ. ವೆಂಡಲ್ ಚೀಟಿ ಅಂಟಿಸಿದ. ಸೊಟ್ಟಗೆ ಅಂಟಿತು.

ಹೊರಗೆ ಕಾರು ನಿಲ್ಲಿಸುವಲ್ಲಿ ಹಿಮ ಕರಗಿ ಕೆಸರಾಗಿತ್ತು. ಐದು ಗಂಟೆಯ ಬಿಸಿಲು. ನಾನು ವೇಷ ಕಳಚಿಟ್ಟು ಬಂದಾಗ ಅವನು ತನ್ನ ಕಾರಿಗೆ ಒರಗಿ ನಿಂತಿದ್ದ.

"ಕೊಡು ಇಲ್ಲಿ," ಎಂದೆ.

ಕನ್ನಡಕ ತೆಗೆದುಕೊಟ್ಟ. ಕಾರಿನ ಬಾನೆಟ್ಟಿನ ಮೇಲೆ ಕರವಸ್ತ್ರ ಹಾಸಿ, ಹಳೆಯ ಸ್ಕ್ರೂ ಬಿಚ್ಚಿ, ಕೈಚೀಲದಿಂದ ಹೊಸದು ತೆಗೆದೆ. ಒಂದು ತೊಟ್ಟು ಅಂಟು ಹಾಕಿ ಬಿಗಿ ಮಾಡಿದೆ.

"ಯಾವುದರಲ್ಲಿ ಬಿಚ್ತಿದ್ದೆ?"

ಬೂಟಿನ ತುದಿಯಿಂದ ಕೆಸರು ಕೆದಕಿದ. "ಬೆಣ್ಣೆ ಸವರೋ ಚಾಕು."

"ಇನ್ಮೇಲೆ ಆಗಲ್ಲ. ಈ ಅಂಟು ಜಪ್ಪಯ್ಯ ಅಂದ್ರೂ ಬಿಡಲ್ಲ."

"ಹಾಗಾದ್ರೆ ನಾನು ಅಂಗಡಿಗೆ ಹೇಗೆ ಬರ್ಲಿ?"

"ಬಾಗಿಲು ತಳ್ಕೊಂಡು. ಐದೂವರೆಗೆ ಮುಚ್ತೀವಿ, ಐದು ಇಪ್ಪತ್ತಕ್ಕೆ ಬಾ. ನನಗೆ ಇನ್ನೂ ಸರಿಯಾಗಿ ಏನೂ ಅನ್ನಿಸ್ತಿಲ್ಲ ವೆಂಡಲ್. ಆದ್ರೆ ಬಾ."

ಕನ್ನಡಕವನ್ನು ನಾನೇ ಅವನಿಗೆ ಹಾಕಿದೆ. ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಎರಡೂ ಕಿವಿಯ ಹಿಂದೆ ಬೆರಳಿಟ್ಟು ನೋಡುವುದು ನಮ್ಮ ಕೆಲಸದ ಪದ್ಧತಿ, ದಿನಕ್ಕೆ ಇಪ್ಪತ್ತು ಜನರಿಗೆ ಮಾಡುತ್ತೇನೆ. ಅವನ ಕಿವಿ ತಣ್ಣಗಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ಈ ಸಲ ಎಲ್ಲವೂ ಕಾಣುತ್ತ.

ಜೋಮು ಹಿಡಿದ ಕಾಲಿಗೆ ರಕ್ತ ಮರಳುವಾಗ ಮೊದಲು ಚುಚ್ಚುತ್ತದೆ. ನನ್ನ ಬೆರಳ ತುದಿಗಳಲ್ಲಿ ಹಾಗೇ ಏನೋ ಚುಚ್ಚತೊಡಗಿತು. ನೋವಾಯಿತು. ನಾನು ಕೈ ತೆಗೆಯಲಿಲ್ಲ.